ಮನೆತನದ ಫೋಟೊಗಳಿಗೆ ಒಂದು ನೆಲೆ

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದಂಥ ಬಡಾವಣೆಗಳಲ್ಲಿ ಎರಡು ಮೂರು ತಲೆಮಾರು ಒಂದೇ ಮನೆಯಲ್ಲಿ ಬಾಳಿದ ಕುಟುಂಬಗಳ ಫೋಟೊ ಸಂಗ್ರಹ ಪದರ ಪದರವಾಗಿ ಬೆಳೆದಿರುತ್ತದೆ. ತಳದಲ್ಲಿ ಸ್ಟುಡಿಯೊಗೆ ಹೋಗಿ ತೆಗೆಸಿದ ಕಪ್ಪು ಬಿಳುಪು ಚಿತ್ರಗಳು, ಅದರ ಮೇಲೆ 36 ಚಿತ್ರಗಳ ರೀಲು ಹಾಕಿ ತೆಗೆದ ಬಣ್ಣದ ಪ್ರಿಂಟುಗಳು ಮತ್ತು ನೆಗೆಟಿವ್‌ಗಳು. ಆಮೇಲೆ ಕಲರ್ ಲ್ಯಾಬಿನವರು ಸ್ಕ್ಯಾನ್ ಮಾಡಿಕೊಟ್ಟ ಸಿ.ಡಿ.ಗಳು, ಡಿಜಿಟಲ್ ಕ್ಯಾಮೆರಾದ ಮೆಮೊರಿ ಕಾರ್ಡುಗಳು, ಕೆಟ್ಟರೂ ಬಿಸಾಡದೆ ಡ್ರಾಯರಿನಲ್ಲಿಟ್ಟ ಹಳೆಯ ಮೊಬೈಲುಗಳು, ಯಾರದೋ ಲ್ಯಾಪ್‌ಟಾಪಿನಲ್ಲಿ ಉಳಿದುಹೋದ ಮದುವೆಯ ಫೋಲ್ಡರ್. ಎಲ್ಲಕ್ಕಿಂತ ಮೇಲೆ ವಾಟ್ಸ್‌ಆ್ಯಪ್ ಗುಂಪುಗಳು ಮತ್ತು ಮನೆಯ ಒಬ್ಬೊಬ್ಬರ ಹೆಸರಿನಲ್ಲೂ ಇರುವ ಗೂಗಲ್ ಅಥವಾ ಆ್ಯಪಲ್ ಖಾತೆ. ಒಂದೇ ನಾಮಕರಣದ ಚಿತ್ರಗಳು ಇವುಗಳಲ್ಲಿ ನಾಲ್ಕೈದು ಕಡೆ ಹಂಚಿಹೋಗಿರುವುದು ಸಾಮಾನ್ಯ.

ಇಂಥ ಸಂಗ್ರಹದ ಗಾತ್ರ ಜನ ಅಂಜುವಷ್ಟು ದೊಡ್ಡದಲ್ಲ. ಮೊಬೈಲಿನ ಒಂದು ಫೋಟೊ ಸರಾಸರಿ 4 ಎಂ.ಬಿ. ಎಂದುಕೊಂಡರೆ 50,000 ಚಿತ್ರಗಳಿಗೆ ಬೇಕಾಗುವುದು 200 ಜಿ.ಬಿ. ಜಾಗ. ವಿಡಿಯೊಗಳು ಹೆಚ್ಚು ಜಾಗ ಹಿಡಿಯುತ್ತವೆಯಾದರೂ ಬಹುಪಾಲು ಕುಟುಂಬಗಳ ಇಡೀ ಭಂಡಾರ 2 ಟಿ.ಬಿ.ಯ ಒಂದು ಹಾರ್ಡ್ ಡಿಸ್ಕಿನಲ್ಲಿ ಹಿಡಿಸುತ್ತದೆ. ತೊಂದರೆ ಇರುವುದು ಚದುರುವಿಕೆಯಲ್ಲಿ. ಚಿತ್ರ ಒಂದು ಸಾಧನದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಅದರ ಜೊತೆಗಿದ್ದ ದಿನಾಂಕ, ಸ್ಥಳ, ಗುಣಮಟ್ಟ ಸ್ವಲ್ಪ ಸ್ವಲ್ಪವೇ ಕಳಚಿಕೊಳ್ಳುತ್ತವೆ. ಆದ್ದರಿಂದ ಈ ಕೆಲಸಕ್ಕೆ ಒಂದು ಕ್ರಮವಿದೆ: ಮೊದಲು ಒಟ್ಟುಗೂಡಿಸುವುದು, ನಂತರ ದಿನಾಂಕ ಮತ್ತು ಹೆಸರು, ಅನಂತರ ನಕಲುಗಳನ್ನು ತೆಗೆಯುವುದು, ತಿದ್ದುವುದು ಆಮೇಲೆ. ಅನೇಕರು ತಿದ್ದುವುದರಿಂದಲೇ ಶುರು ಮಾಡಿ ನೂರು ಚಿತ್ರ ಮುಗಿಯುವಷ್ಟರಲ್ಲಿ ಕೈಚೆಲ್ಲುತ್ತಾರೆ.

ಒಟ್ಟುಗೂಡಿಸಲು ಒಂದು ಡಿಸ್ಕನ್ನು ಮೂಲ ಭಂಡಾರವೆಂದು ಗೊತ್ತುಮಾಡಿಕೊಳ್ಳಬೇಕು. ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಓದಿ ಬರೆಯಬೇಕಾದರೆ ಡಿಸ್ಕನ್ನು ಎಕ್ಸ್‌ಫ್ಯಾಟ್ ವಿಧಾನದಲ್ಲಿ ಫಾರ್ಮ್ಯಾಟ್ ಮಾಡುವುದು ಸರಿ. ಹಳೆಯ ಫ್ಯಾಟ್32 ವಿಧಾನದಲ್ಲಿ 4 ಜಿ.ಬಿ.ಗಿಂತ ದೊಡ್ಡ ಕಡತ ಕೂರುವುದಿಲ್ಲ, ಮದುವೆಯ ವಿಡಿಯೊ ಅಲ್ಲಿಯೇ ತಡೆದು ನಿಲ್ಲುತ್ತದೆ. ಪ್ರತಿಯೊಂದು ಮೂಲಕ್ಕೂ ಬೇರೆ ಫೋಲ್ಡರ್ ಇರಲಿ: ಅಪ್ಪನ ಹಳೆಯ ಮೊಬೈಲು, ಸೋನಿ ಕ್ಯಾಮೆರಾದ ಕಾರ್ಡು, 2006ರ ಸಿ.ಡಿ. ಹೀಗೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿಯುವುದು ಅಪಾಯ, ಅದಕ್ಕೆ ಕಾರಣ ಕ್ಯಾಮೆರಾಗಳು ಹೆಸರಿಡುವ ರೀತಿ. ಜಪಾನಿನ ಉದ್ಯಮ ಒಕ್ಕೂಟವೊಂದು 1998ರಲ್ಲಿ ರೂಪಿಸಿದ ನಿಯಮದಂತೆ ಕ್ಯಾಮೆರಾಗಳು ಡಿ.ಸಿ.ಐ.ಎಂ. ಎಂಬ ಫೋಲ್ಡರಿನೊಳಗೆ ನಾಲ್ಕು ಅಕ್ಷರ, ನಾಲ್ಕು ಅಂಕಿಗಳ ಹೆಸರಿನಲ್ಲಿ ಚಿತ್ರಗಳನ್ನು ಇಡುತ್ತವೆ. ಅಂಕಿ 9999 ತಲುಪಿದ ಮೇಲೆ ಎಣಿಕೆ ಮತ್ತೆ 0001ರಿಂದ ಶುರು. ಹಾಗಾಗಿ ಮೈಸೂರು ದಸರಾದ ಚಿತ್ರಕ್ಕೂ ಮೂರು ವರ್ಷದ ನಂತರದ ಸೀಮಂತದ ಚಿತ್ರಕ್ಕೂ ಒಂದೇ ಹೆಸರು ಇರಬಹುದು. ಸುರಿಯುವಾಗ ಕಂಪ್ಯೂಟರು 'ಬದಲಾಯಿಸಲೇ?' ಎಂದು ಕೇಳುತ್ತದೆ, ಅವಸರದಲ್ಲಿ 'ಹೌದು' ಎಂದವರ ಒಂದು ಚಿತ್ರ ಶಾಶ್ವತವಾಗಿ ಹೋಗುತ್ತದೆ.

ಕಟ್ ಮಾಡಿ ಪೇಸ್ಟ್ ಮಾಡುವುದು ಬೇಡ, ಕಾಪಿ ಮಾತ್ರ. ಮಳೆಗಾಲದ ಸಂಜೆ ಕರೆಂಟು ಹೋದರೆ ಅರ್ಧ ಸಾಗಿದ್ದ ಕಡತ ಎರಡೂ ಕಡೆ ಕೆಡಬಹುದು. ಕಾಪಿಯಾದ ಮೇಲೆ ಎರಡೂ ಕಡೆಯ ಕಡತಗಳ ಸಂಖ್ಯೆ, ಒಟ್ಟು ಗಾತ್ರ ಹೊಂದುತ್ತವೆಯೇ ನೋಡಿ, ಆನಂತರವೇ ಹಳೆಯ ಕಾರ್ಡನ್ನು ಖಾಲಿ ಮಾಡಬೇಕು. ಸಿ.ಡಿ.ಗಳಿಗೆ ಮೊದಲ ಸರದಿ ಸಿಗಬೇಕು. ಬರೆಯಬಹುದಾದ ಸಿ.ಡಿ.ಗಳಲ್ಲಿ ಮಾಹಿತಿ ಹಿಡಿದಿಡುವುದು ಬಣ್ಣದ ಒಂದು ತೆಳು ಲೇಪ. ಬಿಸಿಲು ಮತ್ತು ಸೆಕೆಗೆ ಅದು ಮಾಸುತ್ತದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಡ್ರೈವ್ ಇರುವುದಿಲ್ಲವಾದರೂ ಯು.ಎಸ್.ಬಿ. ಮೂಲಕ ಜೋಡಿಸುವ ಡ್ರೈವ್‌ಗಳು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಹೊಸ ಡಿಸ್ಕು ಕೊಳ್ಳುವಾಗ ನಂಬಲಾಗದಷ್ಟು ಅಗ್ಗಕ್ಕೆ ಸಿಗುವ ಭಾರಿ ಗಾತ್ರದ ಪೆನ್‌ಡ್ರೈವ್, ಡಿಸ್ಕುಗಳಿಂದ ದೂರವಿರಬೇಕು. ಅವು ತೋರಿಸುವ ಗಾತ್ರ ಸುಳ್ಳಾಗಿದ್ದರೆ, ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಸದ್ದಿಲ್ಲದೆ ಹಾಳಾಗುತ್ತದೆ.

ಐಫೋನಿನಿಂದ ಇಳಿಸಿಕೊಳ್ಳುವಾಗ ಎರಡು ಸೂಕ್ಷ್ಮಗಳಿವೆ. ಜಾಗ ಉಳಿಸುವ ಆಯ್ಕೆ ಚಾಲೂ ಇದ್ದರೆ ಫೋನಿನಲ್ಲಿರುವುದು ಚಿತ್ರದ ಸಣ್ಣ ರೂಪ, ಮೂಲಪ್ರತಿ ಐಕ್ಲೌಡ್‌ನಲ್ಲಿರುತ್ತದೆ. ಕೇಬಲ್ ಹಾಕಿ ಇಳಿಸಿದ ಮಾತ್ರಕ್ಕೆ ಎಲ್ಲವೂ ಬಂದಿತೆಂದು ತಿಳಿಯಬಾರದು. 2017ರಿಂದ ಐಫೋನು ಬಳಸುತ್ತಿರುವ ಹೈಕ್ ಮಾದರಿಯ ಚಿತ್ರಗಳು ಜೆಪೆಗ್‌ಗಿಂತ ಸುಮಾರು ಅರ್ಧ ಜಾಗದಲ್ಲಿ ಅಷ್ಟೇ ಗುಣಮಟ್ಟ ಕೊಡುತ್ತವೆ. ಹಳೆಯ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲವೆಂದು ಎಲ್ಲವನ್ನೂ ಜೆಪೆಗ್‌ಗೆ ಬದಲಿಸಿ ಮೂಲವನ್ನು ಅಳಿಸುವುದು ತಪ್ಪು. ಮೂಲ ಹಾಗೆಯೇ ಇರಲಿ, ಬೇಕಾದಾಗ ಬೇಕಾದಷ್ಟಕ್ಕೆ ಜೆಪೆಗ್ ಪ್ರತಿ ಮಾಡಿಕೊಂಡರಾಯಿತು. ಗೂಗಲ್ ಫೋಟೋಸ್‌ನಲ್ಲಿರುವುದನ್ನು ಪೂರ್ತಿಯಾಗಿ ಇಳಿಸಿಕೊಳ್ಳಲು ಟೇಕ್‌ಔಟ್ ಎಂಬ ಸೌಲಭ್ಯವಿದೆ. ಅದರಲ್ಲಿ ಚಿತ್ರದ ಪಕ್ಕದಲ್ಲೇ ಸಣ್ಣ ಜೇಸನ್ ಕಡತಗಳು ಬರುತ್ತವೆ. ಗೂಗಲ್ ಫೋಟೋಸ್ ಒಳಗೆ ತಿದ್ದಿದ ದಿನಾಂಕ, ಬರೆದ ವಿವರಣೆ ಅವುಗಳಲ್ಲಿರುವುದರಿಂದ ಕಸವೆಂದು ಎಸೆಯಬಾರದು.

ಎಲ್ಲ ಒಂದೆಡೆ ಸೇರಿದ ಮೇಲೆ ಬರುವುದು ದಿನಾಂಕದ ಕೆಲಸ. ಡಿಜಿಟಲ್ ಫೋಟೊದ ಕಡತದೊಳಗೆ ಎಕ್ಸಿಫ್ ಎಂಬ ಮಾಹಿತಿಯ ಭಾಗವಿರುತ್ತದೆ. 1995ರಲ್ಲಿ ಮೊದಲು ರೂಪುಗೊಂಡ ಈ ಪದ್ಧತಿಯಲ್ಲಿ ಚಿತ್ರ ತೆಗೆದ ದಿನ, ಗಂಟೆ, ಕ್ಯಾಮೆರಾದ ಹೆಸರು, ಬೆಳಕಿನ ಲೆಕ್ಕ, ಕೆಲವೊಮ್ಮೆ ಅಕ್ಷಾಂಶ ರೇಖಾಂಶಗಳೂ ದಾಖಲಾಗುತ್ತವೆ. ಕಂಪ್ಯೂಟರಿನ ಫೋಲ್ಡರಿನಲ್ಲಿ ಕಾಣುವ ದಿನಾಂಕ ಬೇರೆ, ಇದು ಬೇರೆ. ಫೋಲ್ಡರಿನದು ಕಾಪಿ ಮಾಡಿದಾಗ, ತಿದ್ದಿದಾಗ ಬದಲಾಗಬಹುದು, ಎಕ್ಸಿಫ್‌ನ ದಿನಾಂಕ ಚಿತ್ರದ ಜೊತೆಗೇ ಸಾಗುತ್ತದೆ. ವಾಟ್ಸ್‌ಆ್ಯಪ್ ಮಾಡುವ ದೊಡ್ಡ ನಷ್ಟ ಇಲ್ಲಿಯೇ. ಅದು ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರದ ಎಕ್ಸಿಫ್ ಮಾಹಿತಿಯನ್ನು ತೆಗೆದುಹಾಕುತ್ತದೆ ಮತ್ತು ಚಿತ್ರವನ್ನು ಕುಗ್ಗಿಸುತ್ತದೆ.

ಒಂದು ಕಡತವನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. 2019ರ ವರಮಹಾಲಕ್ಷ್ಮಿ ಹಬ್ಬ ಬಂದದ್ದು ಆಗಸ್ಟ್ 9ರ ಶುಕ್ರವಾರ. ಅಂದು ವಿಜಯನಗರದ ಮನೆಯಲ್ಲಿ ತೆಗೆದ ಕಳಶದ ಚಿತ್ರವನ್ನು ಚಿಕ್ಕಮ್ಮ ಐದು ದಿನ ಬಿಟ್ಟು ಗುಂಪಿಗೆ ಹಾಕಿದರೆನ್ನೋಣ. ಆಂಡ್ರಾಯ್ಡ್ ಫೋನುಗಳಲ್ಲಿ ಆ ಚಿತ್ರದ ಹೆಸರು 'ಐಎಂಜಿ-20190814-ಡಬ್ಲ್ಯುಎ0003' ಎಂದಾಗುತ್ತದೆ. 20190814 ಎನ್ನುವುದು ಚಿತ್ರ ಕೈಸೇರಿದ ದಿನ, ಹಬ್ಬದ ದಿನವಲ್ಲ. ಡಬ್ಲ್ಯುಎ ಎನ್ನುವುದು ವಾಟ್ಸ್‌ಆ್ಯಪ್‌ನ ಗುರುತು, 0003 ಅಂದಿನ ಚಿತ್ರಗಳ ಅನುಕ್ರಮ ಸಂಖ್ಯೆ. ಒಳಗೆ ಎಕ್ಸಿಫ್ ಇಲ್ಲದ್ದರಿಂದ ಗ್ಯಾಲರಿ ಆ್ಯಪ್‌ಗಳು ಈ ಚಿತ್ರವನ್ನು ಆಗಸ್ಟ್ 14ಕ್ಕೆ ಜೋಡಿಸುತ್ತವೆ, ಹೊಸ ಫೋನಿಗೆ ಸಾಗಿಸಿದಾಗ ಇನ್ಯಾವುದೋ ದಿನಕ್ಕೆ ಜಾರಿಸುವುದೂ ಉಂಟು. ಅದೇ ಚಿತ್ರವನ್ನು ಮುಂದಿನ ವರ್ಷ ಯಾರಾದರೂ ಮತ್ತೆ ಕಳಿಸಿದರೆ ಅದಕ್ಕೆ 2020ರ ಹೆಸರು. ಪರಿಹಾರ ಸರಳ: ಚಿಕ್ಕಮ್ಮನ ಫೋನಿನಿಂದಲೇ ಮೂಲಪ್ರತಿ ತರಿಸಿಕೊಳ್ಳುವುದು. ವಾಟ್ಸ್‌ಆ್ಯಪ್‌ನಲ್ಲೇ ಕಳಿಸಬೇಕಾದರೆ ಚಿತ್ರವಾಗಿ ಅಲ್ಲ, 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಕಡತ ಇದ್ದ ಹಾಗೆಯೇ ತಲುಪುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಚಿತ್ರದ ಸ್ಪಷ್ಟತೆಯನ್ನು ಹೆಚ್ಚಿಸಿತು, ಆದರೆ ಅದು ಮೂಲಪ್ರತಿಯಲ್ಲ. ಮೂಲ ಎಲ್ಲಿಯೂ ಸಿಗದಿದ್ದಾಗ ವಾಟ್ಸ್‌ಆ್ಯಪ್ ಪ್ರತಿಯನ್ನೇ ಇಟ್ಟುಕೊಂಡು ಪಂಚಾಂಗ ನೋಡಿ ಸರಿಯಾದ ದಿನಾಂಕವನ್ನು ಕೈಯಿಂದ ಬರೆಯಬೇಕು.

ಗಡಿಯಾರ ತಪ್ಪಿದ ಕ್ಯಾಮೆರಾಗಳದು ಇನ್ನೊಂದು ಸಮಸ್ಯೆ. ಬ್ಯಾಟರಿ ಪೂರ್ತಿ ಇಳಿದ ಮೇಲೆ ದಿನಾಂಕ ಹೊಂದಿಸದೆ ಬಳಸಿದರೆ ಕ್ಯಾಮೆರಾ ತಾನು ತಯಾರಾದ ಕಾಲದ ಯಾವುದೋ ಜನವರಿ 1ನ್ನು ಹಾಕುತ್ತಾ ಹೋಗುತ್ತದೆ. ಕಲ್ಯಾಣ ಮಂಟಪದ ಮದುವೆಯಲ್ಲಿ ಮೂರು ನಾಲ್ಕು ಕ್ಯಾಮೆರಾಗಳು ಓಡಾಡುತ್ತಿರುವಾಗ ಪ್ರತಿಯೊಂದರ ಗಡಿಯಾರವೂ ಕೆಲವು ನಿಮಿಷ ಹಿಂದೆ ಮುಂದೆ ಇರುತ್ತದೆ. ಎಲ್ಲ ಸೇರಿಸಿ ಸಮಯದ ಪ್ರಕಾರ ಜೋಡಿಸಿದಾಗ ಒಂದು ಕ್ಯಾಮೆರಾದ ಸಪ್ತಪದಿ ಇನ್ನೊಂದರ ಮಾಂಗಲ್ಯಧಾರಣೆಗಿಂತ ಮೊದಲು ಬಂದು ಕೂರುತ್ತದೆ. ಇದಕ್ಕೆ ಎಲ್ಲ ಕ್ಯಾಮೆರಾಗಳೂ ಹಿಡಿದಿರುವ ಒಂದು ಕ್ಷಣವನ್ನು ಆರಿಸಿಕೊಳ್ಳಬೇಕು. ತಾಳಿ ಕಟ್ಟುವಾಗ ಅಕ್ಷತೆ ಬೀಳುವ ಕ್ಷಣ ಅದಕ್ಕೆ ತುಂಬಾ ಅನುಕೂಲ. ಮೊಬೈಲಿನಲ್ಲಿ ಅದು 10 ಗಂಟೆ 42 ನಿಮಿಷಕ್ಕೆ, ಕ್ಯಾಮೆರಾದಲ್ಲಿ 10 ಗಂಟೆ 49ಕ್ಕೆ ದಾಖಲಾಗಿದ್ದರೆ ಮೊಬೈಲನ್ನು ನಂಬಬೇಕು, ಏಕೆಂದರೆ ಅದರ ಗಡಿಯಾರ ನೆಟ್‌ವರ್ಕಿನಿಂದ ಸರಿಹೊಂದುತ್ತದೆ. ಆ ಕ್ಯಾಮೆರಾದ ಎಲ್ಲ ಚಿತ್ರಗಳಿಂದಲೂ 7 ನಿಮಿಷ ಕಳೆದರೆ ಮದುವೆ ಮತ್ತೆ ಕ್ರಮಕ್ಕೆ ಬರುತ್ತದೆ. ಡಿಜಿಕ್ಯಾಮ್, ಎಕ್ಸಿಫ್‌ಟೂಲ್‌ನಂಥ ಉಚಿತ ತಂತ್ರಾಂಶಗಳು ಸಾವಿರಾರು ಚಿತ್ರಗಳಿಗೆ ಇದನ್ನು ಒಂದೇ ಸಲಕ್ಕೆ ಮಾಡುತ್ತವೆ. ಮುಂದೆ ಈ ಪಾಡು ಬೇಡವೆಂದರೆ ಮದುವೆಯ ಬೆಳಗ್ಗೆ ಎಲ್ಲ ಕ್ಯಾಮೆರಾಗಳಿಂದಲೂ ಒಂದೇ ಮೊಬೈಲಿನ ಗಡಿಯಾರದ ಚಿತ್ರ ತೆಗೆದಿಟ್ಟುಕೊಂಡರೆ ಸಾಕು.

ಮಕ್ಕಳು ಹೊರದೇಶದಲ್ಲಿರುವ ಮನೆಗಳಲ್ಲಿ ಕಾಲವಲಯದ ತೊಡಕೂ ಇದೆ. ನ್ಯೂಜೆರ್ಸಿಯಲ್ಲಿ 2023ರ ನವೆಂಬರ್ 12ರ ರಾತ್ರಿ 8 ಗಂಟೆಗೆ ಹಚ್ಚಿದ ದೀಪಾವಳಿ ಹಣತೆಯ ಚಿತ್ರ ಕೆಂಗೇರಿಗೆ ತಲುಪುವಾಗ ಇಲ್ಲಿ 13ರ ಬೆಳಗಿನ ಆರೂವರೆ. ಎಕ್ಸಿಫ್‌ನಲ್ಲಿ ಕಾಲವಲಯ ಬರೆಯಲು ಜಾಗ ಸಿಕ್ಕಿದ್ದೇ 2016ರಲ್ಲಿ. ಅದಕ್ಕೆ ಹಿಂದಿನ ಚಿತ್ರಗಳಲ್ಲಿ ಗಂಟೆ ಯಾವ ಊರಿನದೆಂದು ಕಡತ ಹೇಳುವುದಿಲ್ಲ. ಚಿತ್ರ ತೆಗೆದ ಊರಿನ ಸಮಯವನ್ನೇ ಉಳಿಸಿಕೊಳ್ಳುವುದು ಒಳ್ಳೆಯದು. ಹಬ್ಬ ಯಾವ ದಿನ ಆಚರಿಸಿದರು ಎನ್ನುವುದು ಮುಖ್ಯ, ಇಲ್ಲಿಯ ಗಡಿಯಾರದ ಲೆಕ್ಕವಲ್ಲ.

ಹಳೆಯ ಪ್ರಿಂಟುಗಳಿಗೆ ಎಕ್ಸಿಫ್ ಎಲ್ಲಿಂದ ಬರಬೇಕು? ಸ್ಕ್ಯಾನ್ ಮಾಡಿದ ದಿನವೇ ಅವುಗಳ ದಿನಾಂಕವಾಗಿ ಕೂರುತ್ತದೆ, ಅಜ್ಜ ಅಜ್ಜಿಯ ಮದುವೆ ಕಳೆದ ವಾರದ್ದೆಂದು ತೋರಿಸುತ್ತದೆ. ಸ್ಕ್ಯಾನಿಂಗ್‌ನ ಮಟ್ಟಿಗೆ ಹೇಳುವುದು ಕಡಿಮೆ: ಪ್ರಿಂಟುಗಳಿಗೆ ಇಂಚಿಗೆ 600 ಚುಕ್ಕೆ ಸಾಕು, 4×6 ಇಂಚಿನ ಪ್ರತಿ ಆಗ 2400×3600 ಪಿಕ್ಸೆಲ್ ಆಗುತ್ತದೆ. ನೆಗೆಟಿವ್ ಇದ್ದರೆ ಪ್ರಿಂಟಿಗಿಂತ ಅದೇ ಮೇಲು. ಮೊಬೈಲಿನಿಂದ ಮರುಚಿತ್ರ ತೆಗೆಯುವುದಾದರೆ ಆಲ್ಬಂನ ಪ್ಲಾಸ್ಟಿಕ್ ಹಾಳೆಯಿಂದ ಚಿತ್ರವನ್ನು ಹೊರತೆಗೆದು, ಕಿಟಕಿಯ ಪಕ್ಕದ ನೆರಳಿನಲ್ಲಿ ತೆಗೆಯಬೇಕು. ಚಿತ್ರ ಹಾಳೆಗೆ ಅಂಟಿಕೊಂಡಿದ್ದರೆ ಮಾತ್ರ ಕೀಳಲು ಹೋಗಬಾರದು. ಪ್ರತಿ ಚಿತ್ರದ ಹಿಂಬದಿಯನ್ನೂ ಸ್ಕ್ಯಾನ್ ಮಾಡುವುದು ಅವಶ್ಯ. ಸ್ಟುಡಿಯೊದ ಮುದ್ರೆ, ಪೆನ್ಸಿಲ್ಲಿನಲ್ಲಿ ಬರೆದ ಹೆಸರು, ಇಸವಿ ಅಲ್ಲಿಯೇ ಇರುವುದು.

ಕಾಲ ಊಹಿಸಲು ಚಿತ್ರದೊಳಗಿನ ಊರೂ ನೆರವಾಗುತ್ತದೆ. ಸ್ಟುಡಿಯೊ ಮುದ್ರೆಯಲ್ಲಿ 'ಬೆಂಗಳೂರು-560010' ಎಂದಿದ್ದರೆ ಆ ರಾಜಾಜಿನಗರದ ಚಿತ್ರ 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ, ಪಿನ್‌ಕೋಡ್ ಜಾರಿಯಾದದ್ದೇ ಅಂದು. ಮನೆ ಮುಂದೆ ನಿಂತ ಸ್ಕೂಟರಿನ ಫಲಕದಲ್ಲಿ ಕೆಎ-02 ಕಂಡರೆ 1989ರ ಜುಲೈ ನಂತರದ್ದು, ಏಕೆಂದರೆ ಕೆಎ ಸರಣಿಗೆ ದಾರಿ ಮಾಡಿದ ಹೊಸ ಮೋಟಾರು ವಾಹನ ಕಾಯ್ದೆ ಆಗ ಜಾರಿಗೆ ಬಂತು. 02 ಎನ್ನುವುದು ರಾಜಾಜಿನಗರದ ಆರ್.ಟಿ.ಒ. ಸಂಖ್ಯೆ. ವೆಸ್ಟ್ ಆಫ್ ಕಾರ್ಡ್ ರಸ್ತೆಯ ಗುಡ್ಡದ ಮೇಲೆ ಪೂರ್ತಿಯಾದ ಇಸ್ಕಾನ್ ದೇವಾಲಯ ಕಂಡರೆ ಚಿತ್ರ 1997ರ ಈಚಿನದು. ರಾಜಾಜಿನಗರದಲ್ಲಿ ಮೆಟ್ರೊ ರೈಲು ಓಡುತ್ತಿದ್ದರೆ 2014ರ ಮಾರ್ಚ್‌ನಿಂದೀಚೆ, ವಿಜಯನಗರದಲ್ಲಾದರೆ 2015ರ ನವೆಂಬರ್‌ನಿಂದೀಚೆ, ಕೆಂಗೇರಿಯಲ್ಲಾದರೆ 2021ರ ಆಗಸ್ಟ್ ಕೊನೆಯಿಂದೀಚೆ. ಇವೆಲ್ಲ 'ಇದಕ್ಕಿಂತ ಹಿಂದಿನದಲ್ಲ' ಎಂದು ಮಾತ್ರ ಹೇಳುತ್ತವೆ. ಇನ್ನೊಂದು ತುದಿಯನ್ನು ಮಗುವಿನ ವಯಸ್ಸು, ಆಗಿನ್ನೂ ಇದ್ದ ಹಿರಿಯರು, ಮನೆಗೆ ಆಮೇಲೆ ಏರಿದ ಮಹಡಿ ಕೊಡುತ್ತವೆ. ಖಚಿತ ದಿನ ತಿಳಿಯದಿದ್ದರೆ 'ಸುಮಾರು 1991' ಎಂದು ವಿವರಣೆಯಲ್ಲಿ ಬರೆಯುವುದು ಪ್ರಾಮಾಣಿಕ. ದಿನಾಂಕದ ಜಾಗದಲ್ಲಿ ತಂತ್ರಾಂಶ ಕೇಳುತ್ತದೆಂದು ಜನವರಿ 1 ಹಾಕಿದರೆ ಅದು ಊಹೆಯೆಂದು ಪಕ್ಕದಲ್ಲಿ ತಿಳಿಸಿರಬೇಕು.

ದಿನಾಂಕ ಸರಿಯಾದ ಮೇಲೆ ಫೋಲ್ಡರ್‌ಗಳ ವಿಚಾರ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ '2019-08-09 ವರಮಹಾಲಕ್ಷ್ಮಿ' ಎಂಬಂತೆ ದಿನಾಂಕ ಮುಂದಿಟ್ಟ ಹೆಸರು. ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲಿ ಬರೆದರೆ ಯಾವ ಯಂತ್ರದಲ್ಲೂ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ವ್ಯಕ್ತಿಗೊಂದು, ಹಬ್ಬಕ್ಕೊಂದು ಫೋಲ್ಡರ್ ಮಾಡುವ ಆಸೆ ಬೇಡ. ಒಂದು ಚಿತ್ರದಲ್ಲಿ ಆರು ಜನರಿರುತ್ತಾರೆ, ಆರು ಫೋಲ್ಡರಿನಲ್ಲಿ ಆರು ನಕಲು ಬೇಕಾಗುತ್ತದೆ. ಹದಿನೈದು ವರ್ಷದ ಗೌರಿ ಗಣೇಶ ಹಬ್ಬವನ್ನೆಲ್ಲ ಒಟ್ಟಿಗೆ ನೋಡಬೇಕೆಂದರೆ ಫೋಲ್ಡರ್ ಅಲ್ಲ, ಗುರುತುಪದ ಅಂದರೆ ಟ್ಯಾಗ್ ಬೇಕು. ಚಾಂದ್ರಮಾನ ಹಬ್ಬಗಳು ಪ್ರತಿವರ್ಷ ಬೇರೆ ದಿನಾಂಕಕ್ಕೆ ಬರುವುದರಿಂದ ದಿನಾಂಕದಿಂದ ಹುಡುಕಿದರೆ ಅವು ಸಿಗುವುದಿಲ್ಲ.

ಚಿತ್ರದ ಜೊತೆ ಬರಹವನ್ನು ಸೇರಿಸಿಡುವ ಪದ್ಧತಿ ಪತ್ರಿಕಾಲೋಕದಿಂದ ಬಂದದ್ದು. 1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಐ.ಪಿ.ಟಿ.ಸಿ. ಎಂಬ ಸುದ್ದಿಸಂಸ್ಥೆಗಳ ಒಕ್ಕೂಟ, ಅಡಿಬರಹ, ಗುರುತುಪದ, ಛಾಯಾಗ್ರಾಹಕರ ಹೆಸರುಗಳನ್ನು ಚಿತ್ರದ ಕಡತದೊಳಗೇ ಬರೆಯುವ ವಿಧಾನ ರೂಪಿಸಿತು. ಅಡೋಬಿ ಕಂಪನಿ 2001ರಲ್ಲಿ ತಂದ ಎಕ್ಸ್‌.ಎಂ.ಪಿ. ಎಂಬ ಹೊಸ ವಿಧಾನದಲ್ಲಿ ಕನ್ನಡವೂ ಸೇರಿದಂತೆ ಯಾವ ಭಾಷೆಯ ಯೂನಿಕೋಡ್ ಬರಹವೂ ಸಲೀಸಾಗಿ ಕೂರುತ್ತದೆ. ಹಳೆಯದರಲ್ಲಿ ಹಾಗಲ್ಲ. ಅಲ್ಲಿ ಒಂದು ಗುರುತುಪದಕ್ಕೆ 64 ಬೈಟುಗಳ ಮಿತಿ ಇದೆ. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟು, ಕನ್ನಡದಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಿಗಾಗಿ ಬರುವ ವಿರಾಮ ಒಂದೊಂದಕ್ಕೂ ಮೂರು ಬೈಟು. 'ಗೃಹಪ್ರವೇಶ ಬಸವೇಶ್ವರನಗರ' ಎಂಬ ಎರಡು ಪದಕ್ಕೆ 61 ಬೈಟು ಖರ್ಚಾಗುತ್ತದೆ. ಮುಂದೆ ಜಾಗ ಬಿಟ್ಟು 2008 ಎಂದು ಸೇರಿಸಿದರೆ 66 ಆಗಿ ಕೊನೆ ಕತ್ತರಿಸಿಹೋಗಬಹುದು. ಹಾಗಾಗಿ ಗುರುತುಪದಗಳನ್ನು ಬಿಡಿಬಿಡಿಯಾಗಿ ಬರೆಯಬೇಕು: ಗೃಹಪ್ರವೇಶ ಒಂದು, ಬಸವೇಶ್ವರನಗರ ಇನ್ನೊಂದು.

ಕನ್ನಡಿಗರ ಸಂಗ್ರಹಗಳಿಗೇ ವಿಶೇಷವಾದ ಇನ್ನೊಂದು ತೊಡಕು ಹಳೆಯ ಸಿ.ಡಿ.ಗಳ ಪಟ್ಟಿಗಳಲ್ಲಿರುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಬರೆದ ಕನ್ನಡ, ಆಯಾ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಅದು ಕೆಟ್ಟುಹೋದ ಕಡತವಲ್ಲ. ಪರಿವರ್ತಕಗಳ ಮೂಲಕ ಯೂನಿಕೋಡಿಗೆ ತಂದರೆ ಹೆಸರುಗಳೆಲ್ಲ ಮರಳಿ ಸಿಗುತ್ತವೆ, ಹುಡುಕಲೂ ಬರುತ್ತವೆ.

ಅಡಿಬರಹದಲ್ಲಿ ಸಂಬಂಧಕ್ಕಿಂತ ಹೆಸರು ಮುಖ್ಯ. 'ದೊಡ್ಡಮ್ಮ, ಸೋದರಮಾವ, ಅಜ್ಜಿ' ಎಂದು ಬರೆದರೆ ಅದು ಬರೆದವರಿಗೆ ಮಾತ್ರ ಗೊತ್ತಾಗುವ ವಿಳಾಸ. ಮುಂದಿನ ತಲೆಮಾರಿಗೆ ಅದೇ ದೊಡ್ಡಮ್ಮ ಅಜ್ಜಿಯಾಗಿರುತ್ತಾರೆ. ಪೂರ್ಣ ಹೆಸರು, ಊರು, ಸಾಲಿನಲ್ಲಿ ಎಡದಿಂದ ಎಷ್ಟನೆಯವರು ಎಂಬುದನ್ನು ಬರೆದು, ಬೇಕಾದರೆ ಯಾರಿಗೆ ಏನಾಗಬೇಕೆಂದು ಸೇರಿಸಬಹುದು. ಗೂಗಲ್, ಆ್ಯಪಲ್ ತಂತ್ರಾಂಶಗಳು ಮುಖ ಗುರುತಿಸಿ ಗುಂಪು ಮಾಡಿಕೊಡುತ್ತವೆ, ಅದು ದೊಡ್ಡ ಉಪಕಾರವೇ. ಆದರೆ ಅಲ್ಲಿ ಕೊಟ್ಟ ಹೆಸರು ಸಾಮಾನ್ಯವಾಗಿ ಆ ಖಾತೆಯೊಳಗೇ ಉಳಿಯುತ್ತದೆ, ಕಡತದೊಳಕ್ಕೆ ಇಳಿಯುವುದಿಲ್ಲ. 1960ರ ದಶಕದ ಗುಂಪು ಚಿತ್ರದಲ್ಲಿ ಹಿಂದಿನ ಸಾಲಿನವರು ಯಾರೆಂದು ಯಾವ ತಂತ್ರಾಂಶವೂ ಹೇಳಲಾರದು. ಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಇಡೀ ಕೆಲಸದಲ್ಲಿ ಮುಂದಕ್ಕೆ ಹಾಕಲಾಗದ ಭಾಗ ಇದೊಂದೇ. ಸ್ಕ್ಯಾನಿಂಗ್ ಮುಂದಿನ ವರ್ಷ ಮಾಡಿದರೂ ನಡೆಯುತ್ತದೆ, ಎಂಬತ್ತು ದಾಟಿದ ಹಿರಿಯರ ಪಕ್ಕ ಕೂತು ಹೆಸರು ಕೇಳಿ ಬರೆದುಕೊಳ್ಳುವುದು ಈ ಭಾನುವಾರವೇ ಆಗಬೇಕು. ಅವರು ಹೇಳುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಅದೇ ಫೋಲ್ಡರಿನಲ್ಲಿಟ್ಟರೆ ಚಿತ್ರಕ್ಕೆ ದನಿಯೂ ಸಿಕ್ಕಂತಾಗುತ್ತದೆ.

ನಕಲುಗಳನ್ನು ಈಗ ತೆಗೆಯಬಹುದು. ಅವು ಎರಡು ಬಗೆ. ಒಂದು ಬೈಟೂ ವ್ಯತ್ಯಾಸವಿಲ್ಲದ ನಕಲುಗಳನ್ನು ಕಡತದ ಗಣಿತ ಸಹಿಯಿಂದ ಪತ್ತೆ ಮಾಡಲಾಗುತ್ತದೆ. ಇಲ್ಲಿ ತಪ್ಪಾಗುವ ಭಯವಿಲ್ಲ, ಯಂತ್ರಕ್ಕೇ ಬಿಟ್ಟುಬಿಡಬಹುದು. ಇನ್ನೊಂದು ಬಗೆ ಕಣ್ಣಿಗೆ ಒಂದೇ ಆಗಿ ಕಂಡರೂ ಕಡತವಾಗಿ ಬೇರೆಯಾದವು: ಮೂಲ ಮತ್ತು ಅದರ ವಾಟ್ಸ್‌ಆ್ಯಪ್ ರೂಪ. ತಂತ್ರಾಂಶ ಚಿತ್ರವನ್ನು ತೀರಾ ಚಿಕ್ಕದಾಗಿಸಿ, ಬೆಳಕು ನೆರಳಿನ ವಿನ್ಯಾಸವನ್ನು ಹೋಲಿಸಿ ಇವುಗಳನ್ನು ಜೋಡಿಸುತ್ತದೆ. ಇದರ ತೀರ್ಮಾನವನ್ನು ಕಣ್ಣಿಂದಲೇ ಪರೀಕ್ಷಿಸಬೇಕು, ಏಕೆಂದರೆ ಒಂದರ ಹಿಂದೊಂದು ತೆಗೆದ ಎರಡು ಬೇರೆ ಚಿತ್ರಗಳೂ ಹೀಗೆ ಹೊಂದುತ್ತವೆ, ಒಂದರಲ್ಲಿ ಅಜ್ಜ ಕಣ್ಣು ಮುಚ್ಚಿರುತ್ತಾರೆ, ಇನ್ನೊಂದರಲ್ಲಿ ನಗುತ್ತಿರುತ್ತಾರೆ. ಉಳಿಸಿಕೊಳ್ಳಬೇಕಾದದ್ದು ಹೆಚ್ಚು ಪಿಕ್ಸೆಲ್ ಮತ್ತು ಎಕ್ಸಿಫ್ ಇರುವ ಪ್ರತಿ. ಐಫೋನಿನ ಲೈವ್ ಚಿತ್ರಗಳ ಜೊತೆ ಬರುವ ಪುಟ್ಟ ವಿಡಿಯೊ ನಕಲಲ್ಲ. 'ಗುಡ್ ಮಾರ್ನಿಂಗ್' ಚಿತ್ರ, ಬಿಲ್ಲುಗಳ ಸ್ಕ್ರೀನ್‌ಶಾಟ್‌ಗಳನ್ನು ಧಾರಾಳವಾಗಿ ಅಳಿಸಬಹುದು. ಕುಟುಂಬದ ಚಿತ್ರಗಳನ್ನು ಆರಿಸುವಾಗ ಅಳಿಸುವುದಕ್ಕಿಂತ ಒಳ್ಳೆಯದಕ್ಕೆ ನಕ್ಷತ್ರ ಹಾಕುವುದು ಸುಲಭ, ಸುರಕ್ಷಿತ ಕೂಡ. ಸಾವಿರ ಚಿತ್ರದ ಮದುವೆಯಲ್ಲಿ ನಕ್ಷತ್ರ ಪಡೆಯುವುದು ನೂರು ಇದ್ದರೆ ತಿದ್ದುವ ಕೆಲಸವೂ ನೂರಕ್ಕೇ ನಿಲ್ಲುತ್ತದೆ.

ತಿದ್ದುವುದರಲ್ಲಿ ಮೊದಲ ನಿಯಮ ಮೂಲವನ್ನು ಮುಟ್ಟದಿರುವುದು. ಜೆಪೆಗ್ ಚಿತ್ರವನ್ನು ತಿದ್ದಿ ಮತ್ತೆ ಉಳಿಸಿದಾಗಲೆಲ್ಲ ಮತ್ತೊಮ್ಮೆ ಸಂಕುಚಿತವಾಗಿ ಸ್ವಲ್ಪ ವಿವರ ನಷ್ಟವಾಗುತ್ತದೆ. 2007ರಲ್ಲಿ ಬಂದ ಅಡೋಬಿ ಲೈಟ್‌ರೂಮ್, ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್‌ನಂಥ ತಂತ್ರಾಂಶಗಳು ಮೂಲವನ್ನು ಬದಲಿಸದೆ ತಿದ್ದುಪಡಿಯ ಸೂಚನೆಗಳನ್ನು ಮಾತ್ರ ಬೇರೆಡೆ ಬರೆದಿಟ್ಟುಕೊಳ್ಳುತ್ತವೆ. ಲೈಟ್‌ರೂಮ್ ಅವನ್ನು ಕ್ಯಾಟಲಾಗ್ ಎಂಬ ಕಡತದಲ್ಲಿಡುತ್ತದೆ. ಆದ್ದರಿಂದ ಚಿತ್ರಗಳ ಫೋಲ್ಡರನ್ನು ಹೊರಗಿನಿಂದ ಸರಿಸಿದರೆ ಕೊಂಡಿ ಕಳಚುತ್ತದೆ, ಸ್ಥಳಾಂತರವನ್ನು ಲೈಟ್‌ರೂಮ್ ಒಳಗಿನಿಂದಲೇ ಮಾಡಬೇಕು. ಐಫೋನಿನಲ್ಲಿಯೂ ಮೂಲ ಹಾಗೆಯೇ ಇರುತ್ತದೆ, ಕಂಪ್ಯೂಟರಿಗೆ ಇಳಿಸಿದಾಗ ತಿದ್ದಿದ ರೂಪದ ಹೆಸರಿನಲ್ಲಿ ಅಂಕಿಗಳಿಗೆ ಮೊದಲು 'ಇ' ಸೇರಿರುವುದನ್ನು ಕಾಣಬಹುದು.

ತಿದ್ದುವ ಅನುಕ್ರಮವೂ ಮುಖ್ಯ. ವಾಲಿದ ಚಿತ್ರ ನೆಟ್ಟಗಾಗಲಿ, ಬೇಡದ ಅಂಚು ಹೋಗಲಿ, ಆಮೇಲೆ ಬಣ್ಣದ ಸಮತೋಲ, ಬೆಳಕು, ಕೊನೆಯಲ್ಲಿ ತೀಕ್ಷ್ಣತೆ. ಕಲ್ಯಾಣ ಮಂಟಪದ ಚಿತ್ರಗಳಲ್ಲಿ ಬಣ್ಣದ ಸಮತೋಲವೇ ಕಠಿಣ. ಸುಮಾರು 2,800 ಕೆಲ್ವಿನ್‌ನ ಹಳದಿ ಬಲ್ಬು, ಬಾಗಿಲಿನಿಂದ ಬರುವ 5,500 ಕೆಲ್ವಿನ್‌ನ ಹಗಲು ಬೆಳಕು, ವೇದಿಕೆಯ ನೇರಳೆ ಎಲ್‌ಇಡಿ ಒಂದೇ ಮುಖದ ಮೇಲೆ ಬೀಳುತ್ತವೆ. ವರನ ಬಿಳಿ ಪಂಚೆಯನ್ನೋ ಧಾರೆಯ ಬಿಳಿ ಸೀರೆಯನ್ನೋ ಆಧಾರವಾಗಿಟ್ಟುಕೊಂಡು ಬಿಳುಪನ್ನು ಹೊಂದಿಸಿದರೆ ಮುಖದ ಬಣ್ಣ ಸಹಜಕ್ಕೆ ಹತ್ತಿರ ಬರುತ್ತದೆ. ಪೂರ್ತಿ ಬಿಳುಪಾಗಿಸಬಾರದು, ಹೋಮದ ಬೆಳಕಿನ ಕೆಂಪು ಸ್ವಲ್ಪ ಉಳಿದರೆ ಚಿತ್ರ ನಿಜವೆನ್ನಿಸುತ್ತದೆ. ರೇಷ್ಮೆ ಸೀರೆಯ ಜರಿ ಅಂಚು ಫ್ಲ್ಯಾಶಿಗೆ ಬೆಳ್ಳಗೆ ಸುಟ್ಟುಹೋಗಿದ್ದರೆ ಜೆಪೆಗ್‌ನಲ್ಲಿ ಆ ವಿವರ ಮರಳಿ ಬಾರದು, ಕ್ಯಾಮೆರಾ ಸಂಸ್ಕರಿಸದೆ ಇಡುವ ರಾ ಕಡತದಲ್ಲಾದರೆ ಹಲವು ಸಲ ಸ್ವಲ್ಪ ಭಾಗವನ್ನು ಹಿಂದಕ್ಕೆ ಎಳೆಯಬಹುದು. ಛಾಯಾಗ್ರಾಹಕರಿಗೆ ಮುಂಗಡ ಕೊಡುವಾಗಲೇ ಮುಖ್ಯ ಘಟ್ಟಗಳ ರಾ ಕಡತ ಬೇಕೆಂದು ಕೇಳಿಕೊಳ್ಳುವುದು ಇದಕ್ಕಾಗಿಯೇ. ಒಂದೇ ಬೆಳಕಿನಲ್ಲಿ ತೆಗೆದ ಚಿತ್ರಗಳಿಗೆ ಒಂದನ್ನು ತಿದ್ದಿ ಉಳಿದವಕ್ಕೆ ಅದೇ ಸೂಚನೆಗಳನ್ನು ಅನ್ವಯಿಸಿದರೆ ಗಂಟೆಗಳ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ.

ಹಳೆಯ ಚಿತ್ರಗಳಿಗೆ ಬಂದರೆ ಮಾಸಿದ ಬಣ್ಣ, ಗೀರು, ಧೂಳಿನ ಚುಕ್ಕೆಗಳನ್ನು ತೆಗೆಯುವುದು ಸರಿಯೇ. ಮಸುಕಾದ ಮುಖವನ್ನು ಸ್ಪಷ್ಟ ಮಾಡಿಕೊಡುವ ಎಐ ಆ್ಯಪ್‌ಗಳ ವಿಚಾರ ಬೇರೆ. ಚಿತ್ರದಲ್ಲಿಲ್ಲದ ವಿವರವನ್ನು ಅವು ಬೇರೆ ಸಾವಿರಾರು ಮುಖಗಳಿಂದ ಕಲಿತ ಅಂದಾಜಿನಿಂದ ತುಂಬುತ್ತವೆ. ಮುತ್ತಜ್ಜಿಯ ಮುಖ ತಿಳಿಯಾಗುತ್ತದೆ, ಆದರೆ ಆ ಕಣ್ಣು, ಆ ತುಟಿ ಅವರದಲ್ಲ. ಒಂದೇ ಒಂದು ಚಿತ್ರ ಉಳಿದಿರುವ ಹಿರಿಯರ ವಿಷಯದಲ್ಲಿ ಇದು ನಷ್ಟವೇ ಹೊರತು ಲಾಭವಲ್ಲ. ಅಂಥ ಪ್ರತಿ ಮಾಡಿಸಿದರೂ ಅದು ಎಐ ತಿದ್ದಿದ್ದೆಂದು ಹೆಸರಿನಲ್ಲೇ ಬರೆದು ಬೇರೆ ಇಡಬೇಕು.

ಮೊಬೈಲಿನ ಪರದೆಯಲ್ಲಿ ಕಂಡ ಬಣ್ಣ ಮುದ್ರಣದಲ್ಲಿ ಸಪ್ಪೆಯಾಗಿ ಬಂತೆಂಬ ದೂರು ಸಾಮಾನ್ಯ. ಹೊಸ ಫೋನುಗಳ ಪರದೆ ವಿಶಾಲ ವರ್ಣವ್ಯಾಪ್ತಿಯದು, ಹೊಳಪೂ ಹೆಚ್ಚು. ಲ್ಯಾಬಿಗೆ ಕಳಿಸುವ ಪ್ರತಿಯನ್ನು ಎಸ್‌ಆರ್‌ಜಿಬಿ ವ್ಯಾಪ್ತಿಗೆ ಪರಿವರ್ತಿಸಿ, ಪರದೆಯ ಹೊಳಪನ್ನು ಅರ್ಧಕ್ಕಿಳಿಸಿ ನೋಡಿದರೆ ಆಘಾತ ಕಡಿಮೆಯಾಗುತ್ತದೆ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ: 12×36 ಇಂಚಿನ ಹಾಳೆಗಳ, ಕರಿಜ್ಮಾ ಎಂಬ ಮದುವೆ ಆಲ್ಬಂನ ಅರ್ಧ ಹಾಳೆ ತುಂಬಲು 3600×5400 ಪಿಕ್ಸೆಲ್ ಬೇಕು. ಉದ್ದದ ಬದಿ 1600 ಪಿಕ್ಸೆಲ್ಲಿಗೆ ಇಳಿದ ವಾಟ್ಸ್‌ಆ್ಯಪ್ ಪ್ರತಿ ಅದೇ ಲೆಕ್ಕದಲ್ಲಿ ಐದೂಕಾಲು ಇಂಚಿಗೆ ಸಾಕಾಗುತ್ತದೆ, ಅಷ್ಟೇ.

ಇಷ್ಟು ಮಾಡಿದ ಭಂಡಾರವನ್ನು ಕಾಪಾಡುವುದು ಕೊನೆಯ ಭಾಗ. ಎಲ್ಲ ಸಾಧನಗಳಲ್ಲೂ ಒಂದೇ ಚಿತ್ರ ಕಾಣುವಂತೆ ಮಾಡುವ ಸಿಂಕ್ ವ್ಯವಸ್ಥೆಯನ್ನು ಬ್ಯಾಕಪ್ ಎಂದು ತಿಳಿಯುವುದರಿಂದಲೇ ಹೆಚ್ಚಿನ ನಷ್ಟಗಳಾಗುತ್ತವೆ. ಸಿಂಕ್‌ನಲ್ಲಿ ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಯುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಚಿತ್ರ ಕಸದಬುಟ್ಟಿಯಲ್ಲಿ 60 ದಿನ, ಐಕ್ಲೌಡ್‌ನಲ್ಲಿ 30 ದಿನ ಇರುತ್ತದೆ, ಆಮೇಲಿಲ್ಲ. ಮೊಬೈಲಿನಲ್ಲಿ ಜಾಗ ಬೇಕಾದಾಗ ಚಿತ್ರಗಳನ್ನು ಆರಿಸಿ 'ಡಿಲೀಟ್' ಒತ್ತುವ ಬದಲು, ಬ್ಯಾಕಪ್ ಆದವನ್ನು ಫೋನಿನಿಂದ ಮಾತ್ರ ತೆಗೆಯುವ 'ಫ್ರೀ ಅಪ್ ಸ್ಪೇಸ್' ಬಳಸಬೇಕು. 2015ರಲ್ಲಿ ಮಿತಿಯಿಲ್ಲದ ಉಚಿತ ಜಾಗದೊಂದಿಗೆ ಬಂದ ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಆ ಸೌಲಭ್ಯವನ್ನು ನಿಲ್ಲಿಸಿತು. ಈಗ ಜಿಮೇಲ್ ಮತ್ತು ಡ್ರೈವ್ ಸೇರಿ 15 ಜಿ.ಬಿ., ಐಕ್ಲೌಡ್‌ನಲ್ಲಿ 5 ಜಿ.ಬಿ. ಮಾತ್ರ ಉಚಿತ. ಕುಟುಂಬದ ಭಂಡಾರಕ್ಕೆ ಹಣ ಕೊಟ್ಟು ಜಾಗ ಪಡೆಯುವುದು ಅನಿವಾರ್ಯ, ಮನೆಮಂದಿಯೆಲ್ಲ ಒಂದೇ ಯೋಜನೆ ಹಂಚಿಕೊಂಡರೆ ಖರ್ಚು ಹಗುರ.

ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಜನಪ್ರಿಯಗೊಳಿಸಿದ 3-2-1 ಸೂತ್ರ ಮನೆಗಳಿಗೂ ಒಪ್ಪುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ರಾಜಾಜಿನಗರದ ಮನೆಯ ಬೀರುವಿನಲ್ಲಿ ಒಂದು ಡಿಸ್ಕು, ಕ್ಲೌಡ್‌ನಲ್ಲಿ ಒಂದು, ಕೆಂಗೇರಿಯ ಅಕ್ಕನ ಮನೆಯಲ್ಲಿ ಇನ್ನೊಂದು ಡಿಸ್ಕು ಇದ್ದರೆ ಸೂತ್ರ ಪೂರ್ತಿಯಾಯಿತು. ರಾಜಕಾಲುವೆಯ ಬದಿಯ ತಗ್ಗಿನ ಮನೆಗಳಲ್ಲಿ ಡಿಸ್ಕು ನೆಲಮಹಡಿಯ ಕೆಳಗಿನ ಖಾನೆಯಲ್ಲಿರಬಾರದು. ಹಬ್ಬಕ್ಕೆ ಅಕ್ಕನ ಮನೆಗೆ ಹೋದಾಗ ಎರಡೂ ಡಿಸ್ಕುಗಳನ್ನು ಅದಲುಬದಲು ಮಾಡಿದರೆ ಹೊರಗಿನ ಪ್ರತಿಯೂ ಹಳತಾಗುವುದಿಲ್ಲ. ವರ್ಷಗಟ್ಟಲೆ ವಿದ್ಯುತ್ ಇಲ್ಲದೆ ಇಟ್ಟರೆ ಎಸ್.ಎಸ್.ಡಿ.ಗಳು ಮಾಹಿತಿ ಕಳೆದುಕೊಳ್ಳಬಹುದಾದ್ದರಿಂದ ಬೀರುವಿಗೆ ಹಾರ್ಡ್ ಡಿಸ್ಕೇ ಒಳ್ಳೆಯದು. ಅದನ್ನೂ ವರ್ಷಕ್ಕೊಮ್ಮೆ ಜೋಡಿಸಿ, ಅಲ್ಲೊಂದು ಇಲ್ಲೊಂದು ಫೋಲ್ಡರ್ ತೆರೆದು ನೋಡಬೇಕು. ಐದಾರು ವರ್ಷಕ್ಕೆ ಹೊಸ ಡಿಸ್ಕಿಗೆ ಸಾಗಿಸಬೇಕು.

ಖಾತೆಯ ಒಡೆಯರು ತೀರಿಕೊಂಡಾಗ ಏನಾಗುತ್ತದೆ ಎಂಬುದನ್ನೂ ಮೊದಲೇ ಗೊತ್ತುಮಾಡಿಟ್ಟಿರಬೇಕು. ಎರಡು ವರ್ಷ ಬಳಕೆಯಿಲ್ಲದ ವೈಯಕ್ತಿಕ ಗೂಗಲ್ ಖಾತೆಗಳನ್ನು ಅಳಿಸುವ ನಿಯಮವನ್ನು ಆ ಸಂಸ್ಥೆ 2023ರ ಡಿಸೆಂಬರ್‌ನಿಂದ ಜಾರಿಗೊಳಿಸಿದೆ. ತಂದೆಯ ಫೋನನ್ನು ಆರಿಸಿ ಬೀರುವಿನಲ್ಲಿಟ್ಟರೆ ಅವರು ತೆಗೆದ ಚಿತ್ರಗಳೂ ಖಾತೆಯೊಂದಿಗೆ ಹೋಗಬಹುದು. ಗೂಗಲ್‌ನಲ್ಲಿ ನಿಷ್ಕ್ರಿಯ ಖಾತೆಗೆ ವಾರಸುದಾರರನ್ನು ಸೂಚಿಸುವ ವ್ಯವಸ್ಥೆ 2013ರಿಂದ ಇದೆ, ಆ್ಯಪಲ್‌ನಲ್ಲಿ ಇಂಥ ಆಯ್ಕೆ 2021ರ ಕೊನೆಗೆ ಬಂತು. ಎರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಹತ್ತು ನಿಮಿಷದಲ್ಲಿ ತುಂಬಬಹುದು. ಜೊತೆಗೆ ಯಾವ ಡಿಸ್ಕಿನಲ್ಲಿ ಏನಿದೆ, ಫೋಲ್ಡರಿನ ಕ್ರಮ ಯಾವುದು, ಕ್ಲೌಡ್ ಯಾರ ಹೆಸರಿನಲ್ಲಿದೆ, ಕಂತು ಯಾವ ತಿಂಗಳು ಕಟ್ಟಬೇಕು ಎಂಬುದನ್ನು ಒಂದು ಕಾಗದದ ಮೇಲೆ ಬರೆದು, ಮನೆಪತ್ರಗಳ ಕಡತದಲ್ಲೇ ಇಟ್ಟು, ಮನೆಯ ಇನ್ನೊಬ್ಬರಿಗೆ ತಿಳಿಸಿರಬೇಕು.